ಮಂಡಿ ಖಾತೆ ಬೇರೆ, ತಂಡದ ಖಾತೆ ಬೇರೆ: ಹಾಕಿ ತಂಡ ಸಾಕಲು ಹೊರಟ ದಾವಣಗೆರೆ ವರ್ತಕರಿಗೆ

ದುಗ್ಗಮ್ಮನ ಜಾತ್ರೆ ಕುಸ್ತಿಗೆ ಬೆಳ್ಳಿ ಗದೆ ಕೊಡಿಸುವುದು ದಾವಣಗೆರೆ ವರ್ತಕರಿಗೆ ಹೊಸದೇನಲ್ಲ. ಆದರೆ ಗದೆ ಒಂದು ದಿನದ ಖರ್ಚು. ಪೈಲ್ವಾನ ಗೆದ್ದ, ಗದೆ ಹೊತ್ತ, ಫೋಟೊ ತೆಗೆದಾಯಿತು, ಅಲ್ಲಿಗೆ ಮುಗಿಯಿತು. ಹಾಕಿ ತಂಡ ಹಾಗಲ್ಲ. ಅದು ಎತ್ತಿನ ಜೋಡಿ ಕಟ್ಟಿಕೊಂಡ ಹಾಗೆ: ಉಳುಮೆ ಇರಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಮೇವು ಬೀಳಬೇಕು. ವ್ಯಾಪಾರ ಚೆನ್ನಾಗಿ ಗೊತ್ತಿದ್ದು ಹಾಕಿಯ ಲೆಕ್ಕ ಗೊತ್ತಿಲ್ಲದವರಿಗಾಗಿ ಈ ಬರಹ.

ಯಾವ ಮಟ್ಟದಲ್ಲಿ ಕೈ ಹಾಕುತ್ತೀರಿ ಎಂಬುದು ಮೊದಲು ನಿಶ್ಚಯವಾಗಬೇಕು. ಮೇಲಿನ ತುದಿಯಲ್ಲಿ ಹಾಕಿ ಇಂಡಿಯಾ ಲೀಗ್ ಇದೆ. 2013ರಲ್ಲಿ ಶುರುವಾಗಿ 2017ರ ನಂತರ ನಿಂತುಹೋಗಿದ್ದ ಈ ಲೀಗ್ 2024ರ ಡಿಸೆಂಬರ್ ಕೊನೆಗೆ ಮತ್ತೆ ಚಾಲೂ ಆಯಿತು. ಆ ಹೊಸ ಆವೃತ್ತಿಯಲ್ಲಿ ಪುರುಷರ ಒಂದೊಂದು ತಂಡಕ್ಕೆ 24 ಆಟಗಾರರು. ಅದರಲ್ಲಿ ಕನಿಷ್ಠ 16 ಭಾರತೀಯರು, ಅವರಲ್ಲಿ 4 ಜನ ಜೂನಿಯರ್‌ಗಳು ಇರಲೇಬೇಕು, ಉಳಿದ 8 ವಿದೇಶಿಯರು. ಆಟಗಾರರ ಹರಾಜಿಗೆ ಮಿತಿ 4 ಕೋಟಿ ರೂಪಾಯಿ. ಆಗಿನ ಭಾರತ ತಂಡದ ನಾಯಕ ಹರ್ಮನ್‌ಪ್ರೀತ್ ಸಿಂಗ್ ಒಬ್ಬರಿಗೇ 78 ಲಕ್ಷ ಹೋಯಿತು. ಗೆದ್ದ ತಂಡಕ್ಕೆ ಬಹುಮಾನ 3 ಕೋಟಿ. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ಮಿತಿಯಷ್ಟು ಖರ್ಚು ಮಾಡಿ ಕಪ್ ಗೆದ್ದರೂ ಆಟಗಾರರ ಕೂಲಿಯೇ ಹುಟ್ಟುವುದಿಲ್ಲ. ಫ್ರಾಂಚೈಸಿ ಶುಲ್ಕ, ಕೋಚ್, ಪ್ರಯಾಣ, ಹೋಟೆಲ್ ಇನ್ನೂ ಹೊರಗೇ ಇವೆ. ಅಂಥ ತಂಡಗಳನ್ನು ಜೆಎಸ್‌ಡಬ್ಲ್ಯು, ವೇದಾಂತದಂಥ ದೊಡ್ಡ ಗುಂಪುಗಳು ಸಾಕುತ್ತವೆ. ಮೆಕ್ಕೆಜೋಳದ ಮಂಡಿಯೋ ಅಕ್ಕಿ ಗಿರಣಿಯೋ ಇರುವವರಿಗೆ ಸರಿಹೊಂದುವುದು ಜಿಲ್ಲಾ ಮಟ್ಟದ ಕ್ಲಬ್, ಅದರ ಕೆಳಗೆ ಒಂದು ಮಕ್ಕಳ ತಂಡ. ಮುಂದಿನದೆಲ್ಲ ಆ ಅಳತೆಗೇ ಬರೆದದ್ದು.

ಮೊದಲು ಇಬ್ಬರ ಖಾತೆ ತೆರೆದು ನೋಡಿ

ತಂಡದ ಮಾಲೀಕನಾಗಿ ಬಾಳಿದವರು, ಮುಳುಗಿದವರು ಇಬ್ಬರೂ ಅಮೆರಿಕದ ವೃತ್ತಿಪರ ಹಾಕಿಯಲ್ಲಿ ಧಾರಾಳವಾಗಿ ಸಿಗುತ್ತಾರೆ. ಅಲ್ಲಿಯದು ಮಂಜುಗಡ್ಡೆಯ ಮೇಲಿನ ಆಟ, ನಮ್ಮದು ಮೈದಾನದ್ದು. ಆಟ ಬೇರೆಯಾದರೂ ರೋಕಡಿ ಪುಸ್ತಕದ ನಿಯಮ ಒಂದೇ.

ಮೈಕ್ ಇಲಿಚ್ ಡೆಟ್ರಾಯಿಟ್‌ನ ವಲಸೆ ಕುಟುಂಬದ ಹುಡುಗ. ಬೇಸ್‌ಬಾಲ್ ಆಡುತ್ತಿದ್ದ, ಮೊಣಕಾಲು ಕೈಕೊಟ್ಟಿತು. 1959ರಲ್ಲಿ ಹೆಂಡತಿ ಮರಿಯನ್ ಜೊತೆ ಸೇರಿ 10,000 ಡಾಲರ್ ಉಳಿತಾಯದಲ್ಲಿ ಒಂದು ಪಿಜ್ಜಾ ಅಂಗಡಿ ಹಾಕಿದ. ಅದೇ ಲಿಟಲ್ ಸೀಸರ್ಸ್. 1968ರ ಹೊತ್ತಿಗೆ ಆ ಅಂಗಡಿ ಹೆಸರಿನಲ್ಲಿ ಮಕ್ಕಳ ಹಾಕಿ ನಡೆಸತೊಡಗಿದ. ದೊಡ್ಡ ತಂಡ ಡೆಟ್ರಾಯಿಟ್ ರೆಡ್ ವಿಂಗ್ಸ್ ಕೊಂಡದ್ದು 1982ರಲ್ಲಿ, 80 ಲಕ್ಷ ಡಾಲರಿಗೆ. ಅಂದರೆ ಅಂಗಡಿ ತೆರೆದು 23 ವರ್ಷ ಆದ ಮೇಲೆ, ಮಕ್ಕಳ ಹಾಕಿಗೆ ಕೈ ಹಾಕಿ 14 ವರ್ಷ ಆದ ಮೇಲೆ. ತಂಡ ಆಗ ಎಷ್ಟು ಸೋತು ಸುಣ್ಣವಾಗಿತ್ತೆಂದರೆ ಜನ ಅದನ್ನು ಸತ್ತ ರೆಕ್ಕೆ ಎಂದು ಆಡಿಕೊಳ್ಳುತ್ತಿದ್ದರು. ಇಲಿಚ್ ಮಾಡಿದ್ದು ಎರಡು ಕೆಲಸ. ಒಂದು, ಜನ ಮೈದಾನಕ್ಕೆ ಬರಲಿ ಎಂದು ಪಂದ್ಯಕ್ಕೊಂದು ಕಾರು ಬಹುಮಾನ ಇಟ್ಟ. ಇನ್ನೊಂದು, ಹೆಸರು ಮಾಡಿದವರನ್ನು ಕೊಳ್ಳುವುದಕ್ಕಿಂತ ಹೆಸರಿಲ್ಲದವರನ್ನು ಹುಡುಕುವವರ ಕೈಗೆ ಅಧಿಕಾರ ಕೊಟ್ಟ. ಲೀಗಿನ ತಂಡಗಳು ಸರದಿಯಂತೆ, ಸುತ್ತು ಸುತ್ತಾಗಿ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು ಅಲ್ಲಿಯ ಪದ್ಧತಿ; 1989ರ ಒಂದೇ ಆಯ್ಕೆಯಲ್ಲಿ ಲಿಡ್‌ಸ್ಟ್ರಾಮ್ ಮೂರನೇ ಸುತ್ತಿನಲ್ಲಿ, ಫೆಡೊರೊವ್ ನಾಲ್ಕನೇ ಸುತ್ತಿನಲ್ಲಿ, ಕಾನ್‌ಸ್ಟಾಂಟಿನೊವ್ 11ನೇ ಸುತ್ತಿನಲ್ಲಿ ಸಿಕ್ಕರು. ಆ ಲೀಗ್ ಗೆದ್ದವರಿಗೆ ಸಿಗುವ ಸ್ಟಾನ್ಲಿ ಕಪ್ ಬಂದದ್ದು 1997ರಲ್ಲಿ. ಕೊಂಡ ಮೇಲೆ 15 ವರ್ಷ! ಆಮೇಲೆ 1998, 2002, 2008.

ಬ್ರೂಸ್ ಮೆಕ್‌ನಾಲ್ ಹಳೆಯ ನಾಣ್ಯಗಳ ವ್ಯಾಪಾರಿ. 1986ರಲ್ಲಿ ಲಾಸ್ ಏಂಜಲಿಸ್ ಕಿಂಗ್ಸ್ ತಂಡದಲ್ಲಿ ಪಾಲು ಹಿಡಿದ, 1988ಕ್ಕೆ ಪೂರ್ತಿ ತನ್ನದಾಗಿಸಿಕೊಂಡ. ಅದೇ ವರ್ಷ ಆಗಸ್ಟ್ 9ರಂದು ಎಡ್ಮಂಟನ್ ತಂಡದಿಂದ ಆ ಆಟದ ದೊಡ್ಡ ಹೆಸರು ವೇಯ್ನ್ ಗ್ರೆಟ್ಸ್‌ಕಿಯನ್ನು ತಂದ. ಆಟಗಾರರ ಅದಲುಬದಲು ಅಲ್ಲದೆ 1.5 ಕೋಟಿ ಡಾಲರ್ ನಗದು ಕೊಟ್ಟ. ಮೈದಾನ ತುಂಬಿತು, ಸಿನಿಮಾ ನಟರು ಬಂದು ಕೂತರು, 1993ರಲ್ಲಿ ತಂಡ ಫೈನಲ್ ಮುಟ್ಟಿ ಮಾಂಟ್ರಿಯಲ್‌ಗೆ ಸೋತಿತು. ಮರುವರ್ಷ ಮೆಕ್‌ನಾಲ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ: ಬ್ಯಾಂಕುಗಳಿಗೆ ಮಾಡಿದ ಮೋಸ 23.6 ಕೋಟಿ ಡಾಲರ್. ಶಿಕ್ಷೆ 70 ತಿಂಗಳು. ತಂಡ 1995ರಲ್ಲಿ ದಿವಾಳಿ ಅರ್ಜಿ ಹಾಕಿತು.

ಗ್ರೆಟ್ಸ್‌ಕಿಯನ್ನು ಕೊಂಡದ್ದೇ ತಪ್ಪು ಎಂದು ಯಾರೂ ಹೇಳುವುದಿಲ್ಲ, ಆಟದ ದೃಷ್ಟಿಯಿಂದ ಅದು ಸರಿಯಾದ ಖರೀದಿಯೇ. ಕೆಟ್ಟದ್ದು ಎಲ್ಲಿ ಎಂದರೆ ಒಂದು ವ್ಯವಹಾರದ ಸಾಲ ತೀರಿಸಲು ಇನ್ನೊಂದರ ಹೆಸರಲ್ಲಿ ಸಾಲ, ಇಲ್ಲದ ಆಸ್ತಿಗೆ ಇದ್ದ ಹಾಗೆ ಲೆಕ್ಕ.  ಅದಕ್ಕೇ ಮೊದಲ ಕೆಲಸ: ದೀಪಾವಳಿ ಲಕ್ಷ್ಮೀ ಪೂಜೆಯಲ್ಲಿ ಹೊಸ ಖಾತೆ ಪುಸ್ತಕ ಪೂಜೆ ಮಾಡುವಾಗ ತಂಡಕ್ಕೆ ಬೇರೆ ಪುಸ್ತಕ ಇಡಿ, ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಮಂಡಿಯ ಓವರ್‌ಡ್ರಾಫ್ಟ್‌ನಿಂದ ತಂಡದ ಖಾತೆಗೆ ಒಂದು ರೂಪಾಯಿಯೂ ಹೋಗಬಾರದು.

ಒಂದು ವರ್ಷದ ಖರ್ಚು ಹಾಕುವ ಬಗೆ

20 ಆಟಗಾರರು, ಒಬ್ಬ ಕೋಚ್, ಒಬ್ಬ ಮ್ಯಾನೇಜರ್. ವಾರಕ್ಕೆ 4 ದಿನ, ವರ್ಷಕ್ಕೆ 44 ವಾರ ಅಭ್ಯಾಸ, ಅಂದರೆ 176 ದಿನ. ಹೊರ ಊರಿನ 6 ಪಂದ್ಯಾವಳಿ. ಕೆಳಗಿನ ದರಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಅಂಗಡಿಯವನ ದರ ಕೇಳಿ ಬದಲಿಸಿಕೊಳ್ಳಿ, ಸಾಲುಗಳನ್ನು ಮಾತ್ರ ಬಿಡಬೇಡಿ.

ಮೊಟ್ಟೆ, ಬಾಳೆಹಣ್ಣು, ಹಾಲು, ಬಸ್ ಚಾರ್ಜು ಸೇರಿ ದಿನಕ್ಕೆ ತಲೆಗೆ 150 ರೂಪಾಯಿ: 5,28,000
ಕೋಚ್ ಸಂಬಳ ತಿಂಗಳಿಗೆ 25,000: 3,00,000
ಸ್ಟಿಕ್ 40, ತಲಾ 4,000: 1,60,000
ಗೋಲ್‌ಕೀಪರ್ ಕಿಟ್ 2, ತಲಾ 35,000: 70,000
ಚೆಂಡು 60, ತಲಾ 250: 15,000
6 ಪ್ರಯಾಣ, ತಲಾ 45,000: 2,70,000
6 ಪಂದ್ಯಾವಳಿ, ತಲಾ 4 ದಿನ, 22 ಜನ, ದಿನಕ್ಕೆ 500ರಂತೆ ಊಟ ವಸತಿ: 2,64,000
ವಿಮೆ, ಔಷಧಿ, ಫಿಸಿಯೋ: 1,00,000
ಮೈದಾನದ ನಿರ್ವಹಣೆ: 1,20,000

ಒಟ್ಟು 18,27,000. ಇದರ ಮೇಲೆ ಶೇಕಡ 15 ಕೈಮೀರಿದ ಖರ್ಚಿಗೆ ಸೇರಿಸಿದರೆ ಸುಮಾರು 21 ಲಕ್ಷ. ಶುರು ಮಾಡುವ ದಿನ ಇದರ ಎರಡರಷ್ಟು, ಅಂದರೆ 42 ಲಕ್ಷ, ತಂಡದ ಖಾತೆಯಲ್ಲಿ ಇಡುಗಂಟಾಗಿ ಇರಬೇಕು. ಅಷ್ಟಿಲ್ಲದಿದ್ದರೆ 20 ಹುಡುಗರ ತಂಡ ಬೇಡ. 12 ಮಕ್ಕಳ ಶಾಲಾ ತಂಡದಿಂದ ಶುರು ಮಾಡಿ, ಅದೇನೂ ಅವಮಾನವಲ್ಲ.

ಎರಡು ವರ್ಷದ ಗಂಟು ಯಾಕೆ ಎಂದರೆ ನಮ್ಮ ಸೀಮೆಯ ಹಣದ ಋತುಮಾನವೇ ಹಾಗಿದೆ. ಮಳೆಗಾಲದ ಮೆಕ್ಕೆಜೋಳ ಅಕ್ಟೋಬರ್‌ನಿಂದ ಎಪಿಎಂಸಿ ಯಾರ್ಡಿಗೆ ಬರತೊಡಗುತ್ತದೆ, ಭದ್ರಾ ನಾಲೆಯ ಭತ್ತ ಅದರ ಬೆನ್ನಿಗೇ ಬರುತ್ತದೆ. ಆ ನಾಲ್ಕು ತಿಂಗಳು ವರ್ತಕನ ಕೈಯಲ್ಲಿ ಇದ್ದಬದ್ದ ದುಡ್ಡೆಲ್ಲ ಮಾಲಿನ ಮೇಲೆ ಕೂತಿರುತ್ತದೆ, ಕೊಟ್ಟ ಉದ್ರಿ ತಿರುಗಿ ಬರುವುದು ಯುಗಾದಿ ಹೊತ್ತಿಗೆ. ಮಳೆ ನಿಂತು ನೆಲ ಗಟ್ಟಿಯಾಗಿ ಬೆಳಗ್ಗೆ ತಂಪಿರುವ ಅದೇ ನಾಲ್ಕು ತಿಂಗಳಲ್ಲಿ ಹಾಕಿ ಅಭ್ಯಾಸವೂ ಪಂದ್ಯಗಳೂ ಜೋರು. ಎರಡೂ ಒಂದೇ ಗಲ್ಲಾಪೆಟ್ಟಿಗೆಗೆ ಕೈ ಹಾಕಿದರೆ ಮೊದಲು ನಿಲ್ಲುವುದು ಕೋಚ್ ಸಂಬಳ. ಎರಡು ತಿಂಗಳು ಸಂಬಳ ನಿಂತ ಕೋಚ್ ಮೂರನೇ ತಿಂಗಳು ಇರುವುದಿಲ್ಲ, ಅವನ ಹಿಂದೆ ಒಳ್ಳೆಯ ನಾಲ್ಕು ಹುಡುಗರೂ ಹೋಗುತ್ತಾರೆ. ತಂಡ ಮುರಿಯುವುದು ಸಾಮಾನ್ಯವಾಗಿ ಸೋಲಿನಿಂದಲ್ಲ, ಇದರಿಂದ.

ಪಾಲುದಾರರನ್ನು ಸೇರಿಸಿಕೊಳ್ಳುವಾಗ

ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡವನ್ನು 16.5 ಕೋಟಿ ಡಾಲರಿಗೆ ಕೊಳ್ಳುತ್ತೇನೆಂದು ಜಾನ್ ಸ್ಪಾನೊ ಎಂಬಾತ 1996ರಲ್ಲಿ ಬಂದ. ಲೀಗ್ ಒಪ್ಪಿತು, ಬ್ಯಾಂಕ್ 8 ಕೋಟಿ ಸಾಲ ಕೊಟ್ಟಿತು, ಮಾಲೀಕನ ಕುರ್ಚಿಯಲ್ಲಿ ಕೂತೂಬಿಟ್ಟ. 1.7 ಕೋಟಿ ಡಾಲರ್ ಕಳಿಸಬೇಕಾದ ದಿನ ಅವನಿಂದ ಬಂದದ್ದು 1,700 ಡಾಲರ್. ಸೊನ್ನೆ ತಪ್ಪಿತು ಎಂದು ನೆಪ. ಕೊನೆಗೆ ಜೈಲು. ಕೋಟ್ಯಧೀಶ ಎಂದು ಎಲ್ಲರೂ ಹೇಳಿದ್ದರು, ಪಾಸ್‌ಬುಕ್ ಯಾರೂ ನೋಡಿರಲಿಲ್ಲ.

ಊರಿನಲ್ಲಿ ಐದು ಜನ ಸೇರಿ ತಂಡ ಕಟ್ಟುವಾಗಲೂ ಇದೇ ಆಗುತ್ತದೆ, ಮೊತ್ತ ಚಿಕ್ಕದು ಅಷ್ಟೇ. "ನಮ್ಮದೂ ಎರಡು ಲಕ್ಷ ಬರ್ಕೊಳ್ಳಿ ಸಾವ್ಕಾರ್ರೆ" ಎಂದವರ ಹೆಸರು ಬ್ಯಾನರಿನಲ್ಲಿ ಬಂದಿರುತ್ತದೆ, ದುಡ್ಡು ಬಂದಿರುವುದಿಲ್ಲ. ಸಂಬಂಧ ಕೆಡಿಸಿಕೊಳ್ಳದೆ ಇದನ್ನು ತಪ್ಪಿಸಲು ಒಂದೇ ದಾರಿ: ಚೆಕ್ ಪಾಸಾಗುವವರೆಗೆ ಯಾರ ಹೆಸರೂ ಜರ್ಸಿಗೆ, ಬ್ಯಾನರಿಗೆ, ಕರಪತ್ರಕ್ಕೆ ಹೋಗುವುದಿಲ್ಲ ಎಂದು ಮೊದಲ ಸಭೆಯ ನಡಾವಳಿಯಲ್ಲೇ ಬರೆಯಿರಿ. ನಿಮ್ಮ ಹೆಸರಿಗೂ ಇದೇ ನಿಯಮ ಇರಲಿ. ಆಗ ಭಾವನೂ ಬೀಗರೂ ಮುನಿಸಿಕೊಳ್ಳುವುದಿಲ್ಲ.

ಕಾಗದ ಪತ್ರ

ಲಾಭ ಹಂಚಿಕೊಳ್ಳುವ ಉದ್ದೇಶ ಇಲ್ಲದಿದ್ದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಸಂಘ ಮಾಡುವುದು ಸುಲಭ. ಕನಿಷ್ಠ 7 ಸದಸ್ಯರು ಬೇಕು. ಬೈಲಾದಲ್ಲಿ ಮೂರು ಸಂಗತಿ ತಪ್ಪದೆ ಸೇರಿಸಿ: ಚೆಕ್ಕಿಗೆ ಇಬ್ಬರ ಸಹಿ, ಆಟಗಾರರ ಆಯ್ಕೆ ಕೋಚ್ ಅಧಿಕಾರ, ಸಂಘ ಮುಚ್ಚಿದರೆ ಸಾಮಾನು ಯಾರಿಗೆ ಎಂಬುದು. ಪ್ರತಿವರ್ಷ ಸಾಮಾನ್ಯ ಸಭೆ ಮಾಡಿ ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕ ಸಲ್ಲಿಸಬೇಕು. ಮೂರ್ನಾಲ್ಕು ವರ್ಷ ಬಿಟ್ಟು ಒಟ್ಟಿಗೆ ಸಲ್ಲಿಸಲು ಹೋದವರು ದಂಡ ಕಟ್ಟಿಕೊಂಡು ಅಲೆದಾಡುತ್ತಾರೆ. ಮುಂದೆ ಕಂಪನಿಗಳಿಂದ ದೊಡ್ಡ ನೆರವು ಪಡೆಯುವ ಯೋಚನೆಯಿದ್ದರೆ ಕಂಪನಿ ಕಾಯ್ದೆ 2013ರ ಸೆಕ್ಷನ್ 8ರ (ಲಾಭ ಹಂಚದ) ಕಂಪನಿ ಒಳ್ಳೆಯದು, ಆಡಿಟರ್ ಖರ್ಚು ಮಾತ್ರ ಹೆಚ್ಚು.

ಆಮೇಲೆ ಜಿಲ್ಲಾ ಹಾಕಿ ಸಂಸ್ಥೆಯ ಮೂಲಕ ಹಾಕಿ ಕರ್ನಾಟಕದ ಪಟ್ಟಿಗೆ ಬರಬೇಕು, ಪ್ರತಿ ಆಟಗಾರನಿಗೂ ಹಾಕಿ ಇಂಡಿಯಾದ ಆನ್‌ಲೈನ್ ನೋಂದಣಿ ಆಗಬೇಕು. ಇಲ್ಲಿ ಸಿಕ್ಕಿಹಾಕಿಕೊಳ್ಳುವುದು ಜನನ ಪ್ರಮಾಣಪತ್ರದಲ್ಲಿ. ಆಧಾರ್‌ನಲ್ಲಿ ಒಂದು ತಾರೀಕು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಪಂದ್ಯಾವಳಿಯ ಹಿಂದಿನ ದಿನ ಇದು ಗೊತ್ತಾದರೆ ಹುಡುಗ ಬೆಂಚಿನ ಮೇಲೆ ಕೂರಬೇಕಾಗುತ್ತದೆ. ಸೇರಿಸಿಕೊಂಡ ವಾರದಲ್ಲೇ ಎರಡನ್ನೂ ತಾಳೆ ನೋಡಿ.

ಮಂಡಿಯವರಿಗೆ ಇನ್ನೊಂದು ಎಚ್ಚರಿಕೆ. ಎಲ್ಲವನ್ನೂ ರೋಕಡಿಯಲ್ಲೇ ತೀರಿಸುವ ಅಭ್ಯಾಸ ಇಲ್ಲಿ ಬೇಡ. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ವ್ಯವಹಾರದ ಖರ್ಚಾಗಿ ಒಪ್ಪುವುದಿಲ್ಲ. 2 ಲಕ್ಷ ಅಥವಾ ಮೇಲ್ಪಟ್ಟು ನಗದಾಗಿ ಒಬ್ಬರಿಂದ ಪಡೆಯುವಂತೆಯೇ ಇಲ್ಲ. ದೇಣಿಗೆ ಕೊಡುವವರು "ಕ್ಯಾಶ್ ತಗೋ ಮಾರಾಯ" ಎಂದರೂ ಬ್ಯಾಂಕಿಗೆ ಹಾಕಿಸಿ.

ಪ್ರಾಯೋಜಕರ ದುಡ್ಡು

ಜರ್ಸಿ ಮೇಲೆ ಹೆಸರು ಹಾಕಿ ದುಡ್ಡು ಪಡೆದರೆ ಅದು ದೇಣಿಗೆಯಲ್ಲ, ಪ್ರಾಯೋಜಕತ್ವ. ಜಿಎಸ್‌ಟಿ ಶೇಕಡ 18. ಯಾರು ಕಟ್ಟಬೇಕು ಎಂಬುದು ನಿಮ್ಮ ರೂಪದ ಮೇಲೆ ನಿಂತಿದೆ. ನಿಮ್ಮದು ಸಂಘವಾಗಿದ್ದು, ಕೊಡುವವರು ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯಾಗಿದ್ದರೆ ರಿವರ್ಸ್ ಚಾರ್ಜ್, ಅಂದರೆ ತೆರಿಗೆ ಅವರೇ ಕಟ್ಟುತ್ತಾರೆ. ನಿಮ್ಮದು ಕಂಪನಿಯಾಗಿದ್ದರೆ 2025ರ ಜನವರಿ 16ರಿಂದ ನೀವೇ ಬಿಲ್ಲಿನಲ್ಲಿ ತೆರಿಗೆ ಸೇರಿಸಿ ಕಟ್ಟಬೇಕು. ಮಾತಿನಲ್ಲಿ "ಐದು ಲಕ್ಷ" ಎಂದು ಮುಗಿಸಿದರೆ ಆಮೇಲೆ ಆ 90,000 ಒಳಗೋ ಹೊರಗೋ ಎಂದು ಜಗಳ. ಪತ್ರದಲ್ಲೇ ಬರೆಸಿಕೊಳ್ಳಿ.

ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ, ಬೇರೆ ಜಾತಿ. ನಿವ್ವಳ ಲಾಭ 5 ಕೋಟಿ, ನಿವ್ವಳ ಆಸ್ತಿ 500 ಕೋಟಿ, ವಹಿವಾಟು 1,000 ಕೋಟಿ, ಇವುಗಳಲ್ಲಿ ಒಂದನ್ನಾದರೂ ಮುಟ್ಟಿದ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇಕಡ 2 ಖರ್ಚು ಮಾಡಬೇಕು, ಒಲಿಂಪಿಕ್ ಆಟಗಳ ತರಬೇತಿ ಅದರ ಪಟ್ಟಿಯಲ್ಲಿದೆ. ಪಾಲುದಾರಿಕೆಯ ಮಂಡಿಗೆ ಇದು ಅನ್ವಯಿಸುವುದಿಲ್ಲ. ಆದರೆ ಹೆಸರು ಮೆರೆಸಲು ಕೊಡುವ ಪ್ರಾಯೋಜಕತ್ವ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಎಂದು ನಿಯಮದಲ್ಲೇ ಇದೆ. ಆದ್ದರಿಂದ ಕಂಪನಿಗೆ ಬರೆಯುವ ಅರ್ಜಿಯಲ್ಲಿ ದೊಡ್ಡವರ ತಂಡದ ಜರ್ಸಿ ಮಾತೆತ್ತದೆ ಮಕ್ಕಳ ತರಬೇತಿ, ಸ್ಟಿಕ್, ಆಹಾರ ಇಷ್ಟನ್ನೇ ಕೇಳಿ.

ಮೈದಾನ: ದುಡ್ಡು ನುಂಗುವುದೂ ಇದೇ, ಉಳಿಯುವುದೂ ಇದೇ

ಆಟದ ಅಂಗಳ 91.40 ಮೀಟರ್ ಉದ್ದ, 55 ಮೀಟರ್ ಅಗಲ. ಸುತ್ತಲಿನ ಜಾಗ ಸೇರಿ 101.4 × 63 ಮೀಟರ್ ಹಿಡಿದರೆ ಸುಮಾರು 6,390 ಚದರ ಮೀಟರ್, ಅಂದರೆ 1 ಎಕರೆ 23 ಗುಂಟೆ. ಸಿಂಥೆಟಿಕ್ ಟರ್ಫ್ (ಕೃತಕ ಹುಲ್ಲುಹಾಸು) ಕೋಟಿಗಳ ಮಾತು, ಕ್ಲಬ್ ಮಾಲೀಕರು ಅದರ ಕನಸಿಗೆ ಬಿದ್ದು ಮಣ್ಣಿನ ಮೈದಾನವನ್ನೇ ಹಾಳು ಬಿಡುತ್ತಾರೆ. ಮೊದಲು ಮಣ್ಣು ಸರಿ ಮಾಡಿ.

ದಾವಣಗೆರೆ ಸುತ್ತ ಎರೆ ನೆಲ ಬಹಳ. ಎರೆಯ ಮೇಲೆ ನೇರವಾಗಿ ಮೈದಾನ ಮಾಡಬೇಡಿ: ಬೇಸಿಗೆಯಲ್ಲಿ ಸ್ಟಿಕ್ಕಿನ ತುದಿ ಇಳಿಯುವಷ್ಟು ಬಿರುಕು, ಮಳೆಯಲ್ಲಿ ಬೂಟು ಕಿತ್ತುಕೊಳ್ಳುವಷ್ಟು ಕೆಸರು. ಮೇಲಿನ 15 ಸೆಂಟಿಮೀಟರ್ ಎರೆ ತೆಗೆಸಿ, ತಳ ರೋಲರ್ ಹೊಡೆಸಿ, ಜರಡಿ ಹಿಡಿದ ಕೆಂಪು ಗರಸು ಎರಡು ಪದರದಲ್ಲಿ ಹಾಕಿಸಿ. ಅದುಮಿದ ಮೇಲೆ ಒಟ್ಟು 10 ಸೆಂಟಿಮೀಟರ್ ಉಳಿಯಬೇಕು. ಲೆಕ್ಕ: 640 ಘನ ಮೀಟರ್ ಬೇಕು, ಅದುಮಿದಾಗ ಕುಗ್ಗುವುದಕ್ಕೆ ಕಾಲು ಭಾಗ ಹೆಚ್ಚಿಗೆ ಹಿಡಿದರೆ 800. ಲೋಡಿಗೆ 100 ಘನ ಅಡಿ ಹಿಡಿಯುವ ಟ್ರ್ಯಾಕ್ಟರಿನಲ್ಲಿ ಸುಮಾರು 285 ಲೋಡ್. ಟ್ರ್ಯಾಕ್ಟರಿನವನು ತುಂಬಿ ತರುತ್ತಾನೋ ತಲೆ ಹೊಡೆಯುತ್ತಾನೋ ನೋಡಲು ಒಬ್ಬ ಗುಮಾಸ್ತನನ್ನು ಚೀಟಿ ಹಿಡಿದು ನಿಲ್ಲಿಸಿ. ಚೀಲ ಎಣಿಸಿ ಗೊತ್ತಿರುವ ಮಂಡಿಯವರಿಗೆ ಇದನ್ನು ಕಲಿಸಬೇಕಿಲ್ಲ. ನಡುವಿನಿಂದ ಎರಡೂ ಪಕ್ಕಕ್ಕೆ 100ಕ್ಕೆ 1ರಷ್ಟು ಇಳಿಜಾರು ಸಾಕು. ಪ್ರತಿ ಪದರಕ್ಕೂ ಸಂಜೆ ನೀರು ಹೊಡೆದು, ಬೆಳಗ್ಗೆ ಅಂಟು ಹೋದ ಮೇಲೆ ರೋಲರ್. ಒದ್ದೆಯಿರುವಾಗಲೇ ರೋಲರ್ ಬಿಟ್ಟರೆ ಗರಸು ಚಕ್ರಕ್ಕೆ ಮೆತ್ತಿ ಎದ್ದುಬರುತ್ತದೆ, ಗುಳಿ ಬೀಳುತ್ತದೆ. ಈ ಗುಳಿಯಿಂದ ಪುಟಿದ ಚೆಂಡೇ ಹಲ್ಲು ಮುರಿಯುವುದು.

ಗೋಲ್ ಕಂಬ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದು. ಒಳ ಅಳತೆ 3.66 ಮೀಟರ್ ಅಗಲ, 2.14 ಮೀಟರ್ ಎತ್ತರ. ವೆಲ್ಡರ್ ಹೊರ ಅಳತೆ ಹಿಡಿದುಬಿಟ್ಟರೆ ಗೋಲ್ 10 ಸೆಂಟಿಮೀಟರ್ ಕಿರಿದಾಗುತ್ತದೆ, ಆ ಅಳತೆಗೆ ಅಭ್ಯಾಸವಾದ ಗೋಲ್‌ಕೀಪರ್ ಹೊರಗೆ ಹೋದಾಗ ಮೂಲೆ ಚೆಂಡು ಬಿಟ್ಟುಕೊಡುತ್ತಾನೆ. ಹಿಂದಿನ ಮತ್ತು ಪಕ್ಕದ ಹಲಗೆ 46 ಸೆಂಟಿಮೀಟರ್ ಎತ್ತರ. ಹಲಗೆ ಹಾಕದೆ ಬರೀ ಬಲೆ ಕಟ್ಟಬೇಡಿ: ಪೆನಾಲ್ಟಿ ಕಾರ್ನರ್‌ನಲ್ಲಿ (ಎದುರಾಳಿಯ ತಪ್ಪಿಗೆ ಗೋಲ್ ಬಳಿ ಸಿಗುವ ಅವಕಾಶ) ಗೋಲಿನತ್ತ ಮೊದಲ ಹೊಡೆತ ನೇರ ಹಿಟ್ ಆಗಿದ್ದರೆ ಗೆರೆ ದಾಟುವಾಗ ಹಲಗೆಯ ಎತ್ತರ ಮೀರಬಾರದು, ಹಲಗೆಯೇ ಇಲ್ಲದಿದ್ದರೆ ಮಕ್ಕಳಿಗೆ ಅದರ ಅಂದಾಜೇ ಬರುವುದಿಲ್ಲ.

ಡಿ ಗೆರೆ, ಅಂದರೆ ಗೋಲಿನ ಮುಂದಿನ ಹೊಡೆತದ ವಲಯದ ಗೆರೆ, ಎಳೆಯುವಲ್ಲಿ ಬಹುತೇಕ ಎಲ್ಲರೂ ತಪ್ಪುತ್ತಾರೆ. ಗೋಲಿನ ನಡುವೆ ಗೂಟ ಹೊಡೆದು ಒಂದೇ ಅರ್ಧ ವೃತ್ತ ಎಳೆದುಬಿಡುತ್ತಾರೆ. ಸರಿಯಾದ ಕ್ರಮ: ಒಂದೊಂದು ಕಂಬದ ಒಳ ಮುಂಭಾಗದ ಮೂಲೆಯಿಂದ 14.63 ಮೀಟರ್ ಹಗ್ಗದಲ್ಲಿ ಒಂದೊಂದು ಕಾಲು ವೃತ್ತ, ಎರಡನ್ನೂ ಸೇರಿಸಲು ನಡುವೆ 3.66 ಮೀಟರ್ ನೇರ ಗೆರೆ. ಗೆರೆಯ ಅಗಲ 75 ಮಿಲಿಮೀಟರ್. ಹಗ್ಗ ನೂಲಿನದಾದರೆ ಎಳೆತಕ್ಕೆ ಹಿಗ್ಗುತ್ತದೆ, ತಂತಿ ಬಳಸಿ. ಸುಟ್ಟ ಸುಣ್ಣ ಹಾಕಬೇಡಿ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಸೀಮೆಸುಣ್ಣದ ಪುಡಿ ಸಾಕು.

ಮಣ್ಣಿನಲ್ಲಿ ಬೆಳೆದವರು ಟರ್ಫ್ ಮೇಲೆ ಮೊದಲ ಪಂದ್ಯದಲ್ಲಿ ಕಂಗಾಲಾಗುತ್ತಾರೆ. ಅಲ್ಲಿ ಚೆಂಡು ಪುಟಿಯುವುದಿಲ್ಲ, ಜಾರುತ್ತದೆ, ನಿಲ್ಲಿಸುವಷ್ಟರಲ್ಲಿ ದಾಟಿಹೋಗಿರುತ್ತದೆ. ಬೆಂಗಳೂರಿಗೆ ಆಡಲು ಹೋಗುವಾಗ ಎರಡು ದಿನ ಮುಂಚೆ ಹೋಗಿ ಟರ್ಫ್ ಬಾಡಿಗೆಗೆ ಹಿಡಿದು ಎರಡು ಅಭ್ಯಾಸ ಮಾಡಿಸಿ. ಆ ಖರ್ಚು ಮೇಲಿನ ಶೇಕಡ 15ರಲ್ಲಿ ಬರಲಿ.

ಸ್ಟಿಕ್, ಚೆಂಡು, ಗೋಲ್‌ಕೀಪರ್

ಜಲಂಧರ್ ಮತ್ತು ಮೀರತ್ ಸಗಟು ಪೇಟೆಗಳು. ದೊಡ್ಡವರಿಗೆ 36.5 ಇಲ್ಲವೆ 37.5 ಇಂಚು. ನಿಯಮದ ಮಿತಿ: ತೂಕ 737 ಗ್ರಾಂ, ಉದ್ದ 105 ಸೆಂಟಿಮೀಟರ್, ಬಾಗು 25 ಮಿಲಿಮೀಟರ್, ಇಡೀ ಸ್ಟಿಕ್ 51 ಮಿಲಿಮೀಟರ್ ಒಳವ್ಯಾಸದ ಬಳೆಯಲ್ಲಿ ತೂರಬೇಕು. ಲೇತ್ ಅಂಗಡಿಯಲ್ಲಿ ಅಂಥ ಒಂದು ಬಳೆ ಮಾಡಿಸಿಟ್ಟುಕೊಳ್ಳಿ. ಹಿಡಿಗೆ ಟೇಪಿನ ಮೇಲೆ ಟೇಪು ಸುತ್ತಿ ದಪ್ಪ ಮಾಡಿಕೊಂಡ ಸ್ಟಿಕ್ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಪೈರ್ ಹಿಡಿಯುವ ಮೊದಲು ನೀವೇ ಹಿಡಿಯುವುದು ಒಳ್ಳೆಯದು. ಪಂದ್ಯದ ಚೆಂಡು 156ರಿಂದ 163 ಗ್ರಾಂ. ಮಂಡಿಯ ಡಿಜಿಟಲ್ ತಕ್ಕಡಿ ಇದಕ್ಕೆ ಬೇಡ, ಅದು ಇಷ್ಟು ಚಿಕ್ಕದನ್ನು ನೆಚ್ಚುವಂತೆ ತೂಗುವುದಿಲ್ಲ; ಚಿನ್ನಬೆಳ್ಳಿ ಅಂಗಡಿಯದು ಸರಿ.

ದುಡ್ಡು ಉಳಿಸಬಾರದ ಜಾಗ ಗೋಲ್‌ಕೀಪರ್ ಕಿಟ್. ಹೆಲ್ಮೆಟ್, ಕುತ್ತಿಗೆ ಪಟ್ಟಿ, ಎದೆ ಕವಚ, ಮೊಣಕೈ, ಎರಡು ಕೈಗವಸು, ಹೊಟ್ಟೆಯ ಕೆಳಗಿನ ಗಾರ್ಡ್, ಪ್ಯಾಡ್, ಕಿಕ್ಕರ್ (ಪಾದದ ಕವಚ), ಇವಿಷ್ಟೂ ಇಬ್ಬರಿಗೂ ಬೇರೆ ಬೇರೆ. ಒಂದೇ ಕಿಟ್ ಇಬ್ಬರು ಹಂಚಿಕೊಂಡರೆ ಎರಡನೆಯವನಿಗೆ ಅಭ್ಯಾಸವೇ ಆಗುವುದಿಲ್ಲ. ಕಿಟ್ ಬಿಸಿಲಲ್ಲಿ ಒಣಗಿಸಬೇಡಿ, ಫೋಮ್ ಸಿಡಿಯುತ್ತದೆ, ನೆರಳಲ್ಲಿ ನೇತುಹಾಕಿ. ಪೆನಾಲ್ಟಿ ಕಾರ್ನರ್ ತಡೆಯುವಾಗ ಗೋಲ್‌ಕೀಪರ್ ಬಿಟ್ಟು ನಾಲ್ವರು ಗೆರೆಯ ಹಿಂದೆ ನಿಲ್ಲುತ್ತಾರೆ, ಅವರಿಗೆ ಮುಖವಾಡ ಬೇಕು. 5 ತನ್ನಿ, ಒಂದು ಒಡೆಯುವುದಕ್ಕೆ. ಹಲ್ಲಿನ ಗಾರ್ಡ್ ಮತ್ತು ಮೊಣಕಾಲಿನ ಕೆಳಗಿನ ಗಾರ್ಡ್ ಹಾಕದವನನ್ನು ಅಭ್ಯಾಸಕ್ಕೂ ಇಳಿಸಬೇಡಿ.

ಪ್ರಯಾಣಕ್ಕೆ 17 ಸೀಟಿನ ಟೆಂಪೋ ಟ್ರಾವೆಲರ್ ಹಿಡಿಯುವುದು ಹಳೆಯ ತಪ್ಪು. 20 ಆಟಗಾರರು, ಕೋಚ್, ಮ್ಯಾನೇಜರ್, ಎರಡು ಗೋಲ್‌ಕೀಪರ್ ಚೀಲ, 40 ಸ್ಟಿಕ್. ಕೊನೆಗೆ ಐದು ಜನ ಬಸ್ಸಿನಲ್ಲಿ ಬರುತ್ತಾರೆ, ಚೀಲ ಕಾಲಡಿ. ಬೆಂಗಳೂರಿಗೆ 260 ಕಿಲೋಮೀಟರ್ ಹಾಗೆ ಮುದುಡಿ ಕೂತವನ ತೊಡೆ ಮಾರನೆ ದಿನ ಹಿಡಿದುಕೊಳ್ಳುತ್ತದೆ. 26 ಸೀಟಿನ ಮಿನಿ ಬಸ್ ಹಿಡಿಯಿರಿ. ಪಂದ್ಯದ ಬೆಳಗ್ಗೆ ಬೆಣ್ಣೆ ದೋಸೆ ಬೇಡ, ಗೆದ್ದ ಮೇಲೆ ಎಷ್ಟಾದರೂ ಆಗಲಿ. ಆಟಕ್ಕೆ ಮೂರು ಗಂಟೆ ಮೊದಲು ಇಡ್ಲಿ, ಬಾಳೆಹಣ್ಣು.

ಆಟಗಾರರು ಮತ್ತು ಮಾಲೀಕನ ಕುರ್ಚಿ

ಪೊನ್ನಂಪೇಟೆ, ಮಡಿಕೇರಿ ಕಡೆಯಿಂದ ಸಿದ್ಧ ಆಟಗಾರರನ್ನು ತಂದು ಒಂದೇ ವರ್ಷದಲ್ಲಿ ಗೆಲ್ಲುವ ಆಸೆ ಎಲ್ಲರಿಗೂ ಬರುತ್ತದೆ. ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಮನೆತನದವರು ಶುರು ಮಾಡಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಮನೆಮನೆಯೇ ಮೈದಾನಕ್ಕಿಳಿಯುತ್ತದೆ. ಅಂಥ ನೆಲದ ಹುಡುಗ ಬಾಡಿಗೆಗೆ ಬಂದು ಹೋಗುತ್ತಾನೆ, ನಿಮ್ಮ ಊರಿಗೆ ಏನೂ ಉಳಿಯುವುದಿಲ್ಲ. ಹೊರಗಿನವರು 4 ಜನಕ್ಕಿಂತ ಹೆಚ್ಚು ಬೇಡ, ಅವರಲ್ಲಿ ಒಬ್ಬ ಗೋಲ್‌ಕೀಪರ್, ಒಬ್ಬ ಡ್ರ್ಯಾಗ್ ಫ್ಲಿಕ್ (ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿನತ್ತ ಎಸೆಯುವುದು) ಹೊಡೆಯುವವನು ಇರಲಿ. ಈ ಎರಡು ವಿದ್ಯೆ ಕಲಿಸಲು ಹೆಚ್ಚು ಕಾಲ ಹಿಡಿಯುತ್ತದೆ. ಬ್ಯಾಂಕ್, ರೈಲ್ವೆ ನೌಕರಿಯ ಆಟಗಾರರಾದರೆ ಅವರ ಇಲಾಖೆಯ ನಿರಾಕ್ಷೇಪಣಾ ಪತ್ರ ಮೊದಲು ಕೈಗೆ ಬರಲಿ. ಉಳಿದ 16 ಜನ ಇಲ್ಲಿಯವರು, ಇಲಿಚ್ ಮಾಡಿದ ಹಾಗೆ ಹನ್ನೊಂದನೇ ಸುತ್ತಿನಲ್ಲಿ ಹುಡುಕಿದವರು. ಗರಡಿಯಲ್ಲಿ ಪಳಗಿದ ಹುಡುಗರಿಗೆ ಬಗ್ಗಿ ಆಡುವ ಸೊಂಟ, ತೊಡೆ ಮೊದಲೇ ಇರುತ್ತದೆ, ಅಲ್ಲಿಯೂ ಕೇಳಿ.

18 ತುಂಬದ ಮಕ್ಕಳಿಗೆ ತಂದೆತಾಯಿಯ ಬರಹದ ಒಪ್ಪಿಗೆ, ಹೆಣ್ಣುಮಕ್ಕಳ ತಂಡವಾದರೆ ಪ್ರಯಾಣದಲ್ಲಿ ಮಹಿಳಾ ಮ್ಯಾನೇಜರ್ ಕಡ್ಡಾಯ. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಪರೀಕ್ಷೆಗೆ ಮುಂಚಿನ ಎರಡು ತಿಂಗಳು ವಾರಕ್ಕೆ ಎರಡೇ ದಿನ. ಒಮ್ಮೆ ಫೇಲಾದರೆ ಆ ಮನೆಯ ತಮ್ಮನೂ ಮೈದಾನಕ್ಕೆ ಬರುವುದಿಲ್ಲ.

ಇನ್ನು ನೀವು. ಟೊರೊಂಟೊ ಮೇಪಲ್ ಲೀಫ್ಸ್ ಮಾಲೀಕ ಹೆರಾಲ್ಡ್ ಬ್ಯಾಲರ್ಡ್ 1979ರಲ್ಲಿ ಕೋಚ್ ರೋಜರ್ ನೀಲ್ಸನ್‌ನನ್ನು ತೆಗೆದುಹಾಕಿದ, ಬದಲಿಗೆ ಯಾರೂ ಸಿಗದೆ ವಾಪಸ್ ಕರೆದ, ಸಾಲದ್ದಕ್ಕೆ ತಲೆಗೆ ಕಾಗದದ ಚೀಲ ಹಾಕಿಕೊಂಡು ಬಂದು ಜನರಿಗೆ ಅಚ್ಚರಿ ತೋರಿಸು ಎಂದ. ನೀಲ್ಸನ್ ಒಪ್ಪಲಿಲ್ಲ. ಬ್ಯಾಲರ್ಡ್ 1990ರಲ್ಲಿ ಸಾಯುವವರೆಗೂ ಮಾಲೀಕನಾಗಿದ್ದ, 1972ರಲ್ಲಿ ಹಿಡಿತ ಪೂರ್ತಿ ತನ್ನ ಕೈಗೆ ಬಂದ ಮೇಲೆ ಒಂದೂ ಕಪ್ ಬರಲಿಲ್ಲ. ಪಂದ್ಯದ ದಿನ ನಿಮ್ಮ ಜಾಗ ಶಾಮಿಯಾನದ ಕೆಳಗೆ, ಬೆಂಚಿನ ಹತ್ತಿರ ಅಲ್ಲ. 15 ನಿಮಿಷದ ಮೊದಲ ಮತ್ತು ಮೂರನೇ ಕ್ವಾರ್ಟರ್ ಮುಗಿದಾಗ ಸಿಗುವ 2 ನಿಮಿಷ ಕೋಚ್‌ಗೆ ಸಾಲುವುದಿಲ್ಲ, ಅದರಲ್ಲಿ ಮಾಲೀಕರು ಹೋಗಿ "ಆ ಏಳನೇ ನಂಬರ್ ಹುಡುಗನ್ನ ಇಳಿಸ್ರಿ, ನಮ್ಮ ಅಳಿಯನ ಕಡೆಯವ್ನು" ಎಂದರೆ ಆಟ ಮುಗಿದ ಹಾಗೆಯೇ. ತಿಂಗಳಿಗೊಮ್ಮೆ, ಕೂತು, ಕೋಚ್‌ನಿಂದ ಮೂರು ಅಂಕಿ ಮಾತ್ರ ಕೇಳಿ: ಎಷ್ಟು ಜನ ಎಷ್ಟು ದಿನ ಬಂದರು, ಎಷ್ಟು ಜನ ಗಾಯದಲ್ಲಿದ್ದಾರೆ, ಎಷ್ಟು ಸ್ಟಿಕ್ ಮುರಿದವು. ಹಾಜರಿ ನೂರಕ್ಕೆ 70ಕ್ಕಿಂತ ಕೆಳಗಿಳಿದರೆ ಕಾರಣ ಆಟದಲ್ಲಿರುವುದಿಲ್ಲ. ಬಸ್ ಚಾರ್ಜು ತಡವಾಗಿದೆಯೇ ನೋಡಿ.

ನಿಲ್ಲಿಸಬೇಕಾಗಿ ಬಂದರೆ

ಇಡುಗಂಟು ಆರು ತಿಂಗಳ ಖರ್ಚಿನ ಮಟ್ಟಕ್ಕೆ, ಅಂದರೆ ಮೇಲಿನ ಲೆಕ್ಕದಲ್ಲಿ ಹತ್ತೂವರೆ ಲಕ್ಷಕ್ಕೆ ಇಳಿದ ದಿನ ಸಭೆ ಕರೆಯಿರಿ. ಆಗ ಮೂರು ದಾರಿ: ಹೊಸ ಪಾಲುದಾರ, ದೊಡ್ಡವರ ತಂಡ ನಿಲ್ಲಿಸಿ ಮಕ್ಕಳದ್ದು ಮಾತ್ರ, ಇಲ್ಲವೇ ಪೂರ್ತಿ ಮುಕ್ತಾಯ. ಸಾಲ ನಾಲ್ಕನೆಯ ದಾರಿ ಅಲ್ಲ. ಮುಕ್ತಾಯವಾದರೆ ಋತುವಿನ ನಡುವೆ ಬೇಡ. ಮಾರ್ಚಿ ಕೊನೆಗೆ ಮಾಡಿದರೆ ಹುಡುಗರಿಗೆ ಮುಂದಿನ ತಂಡ ಹುಡುಕಲು ಸಮಯ ಸಿಗುತ್ತದೆ. ಕೋಚ್‌ಗೆ ಎರಡು ತಿಂಗಳ ಸಂಬಳ ಮುಂಗಡ, ಪ್ರತಿ ಆಟಗಾರನ ಕೈಗೆ ತಾರೀಕು ಹಾಕಿ ಸಹಿ ಮಾಡಿದ ಬಿಡುಗಡೆ ಪತ್ರ, ಜಿಲ್ಲಾ ಸಂಸ್ಥೆಗೆ ಅದರ ಪ್ರತಿ. ಬಿಡುಗಡೆ ಪತ್ರವಿಲ್ಲದ ಹುಡುಗ ಬೇರೆ ತಂಡದಲ್ಲಿ ಆಡಲು ಪರದಾಡುತ್ತಾನೆ, ಅವನು ಒಂದು ವರ್ಷ ಕೈಚೆಲ್ಲಿ ಕೂತರೆ ಮತ್ತೆ ಸ್ಟಿಕ್ ಹಿಡಿಯುವುದು ಅನುಮಾನ. ಸ್ಟಿಕ್ಕು, ಚೆಂಡು, ಕಿಟ್ಟುಗಳನ್ನು ಎಣಿಸಿ ಪಟ್ಟಿ ಮಾಡಿ, ಬೈಲಾದಲ್ಲಿ ಹೆಸರಿಸಿದ ಶಾಲೆಯ ಹೆಡ್‌ಮಾಸ್ತರರ ಸಹಿ ಪಡೆದು ಒಪ್ಪಿಸಿ. 51 ಮಿಲಿಮೀಟರಿನ ಬಳೆಯನ್ನೂ ಆ ಪಟ್ಟಿಯಲ್ಲಿ ಬರೆಯಿರಿ, ಅದನ್ನೇ ಎಲ್ಲರೂ ಮರೆಯುವುದು.